ಒಂದೇ ಕೈಯಲ್ಲಿ ಎರಡು ಕ್ಯಾನು

ಚಿಕ್ಕಬಳ್ಳಾಪುರದಲ್ಲಿ ನಮ್ಮ ಆಫೀಸು ಒಂದು ರಸಗೊಬ್ಬರದ ಅಂಗಡಿಯ ಮಹಡಿಯ ಮೇಲಿತ್ತು. ಯೂರಿಯಾ ಮೂಟೆ ಇಳಿಸಿದ ದಿನ ಇಡೀ ಕಟ್ಟಡ ಘಾಟು ಹೊಡೆಯುತ್ತಿತ್ತು. ಕಿಟಕಿ ತೆರೆದರೆ ಬಸ್ಸುಗಳ ಹಾರನ್ನು, ಮುಚ್ಚಿದರೆ ಈ ಘಾಟು; ಎರಡರಲ್ಲಿ ಒಂದನ್ನು ಆರಿಸಿಕೊಂಡು ಕೂರಬೇಕು. ಈಗ ನಾನು ಕೆಲಸ ಮಾಡುವ ಕಡೆ ಕಿಟಕಿಗಳು ತೆರೆಯುವುದೇ ಇಲ್ಲ, ಕಾಫಿ ಗುಂಡಿ ಒತ್ತಿದರೆ ಬರುತ್ತದೆ, ಯಾರೂ ಯಾರ ಮೇಲೂ ಕೂಗಾಡುವುದಿಲ್ಲ. ಆದರೂ ಯಾವುದೋ ಹೊಲದ ಪಕ್ಕ ಹಾದು ಹೋಗುವಾಗ ಗೊಬ್ಬರದ ವಾಸನೆ ಮೂಗಿಗೆ ಬಡಿದರೆ ಸಾಕು, ಆ ಮಹಡಿ, ಆ ಮೂರು ಮೇಜು, ಅಲ್ಲಿ ನಾವಾಡಿದ ಜಗಳ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಎಷ್ಟು ಚೆನ್ನಾಗಿತ್ತಲ್ಲ ಅನ್ನಿಸಿ ಸುಮ್ಮನೆ ಸಂಕಟವಾಗುತ್ತದೆ.

ಇದ್ದದ್ದು ನಾವು ಮೂವರೇ. ಯಜಮಾನರು ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು. ಅದನ್ನು ಬಿಟ್ಟು, ಹಳ್ಳಿಯ ಹಾಲಿನ ಡೈರಿಗಳಿಗೆ ಕಂಪ್ಯೂಟರ್ ಕೂರಿಸುವ ಈ ಪುಟ್ಟ ಕಂಪನಿ ತೆರೆದಿದ್ದರು. ಪ್ರೋಗ್ರಾಂ ಬರೆಯುವವನು ಗೌರಿಬಿದನೂರಿನವನು, ನನ್ನ ವಾರಿಗೆಯವನೇ, ಮೂಗಿನ ತುದಿಯಲ್ಲೇ ಕೋಪ. ಅವನು ಬರೆದದ್ದನ್ನು ಕೆಡಿಸಿ ನೋಡುವವಳು ನಾನು. ಅಂದರೆ ಟೆಸ್ಟರ್. ನಮ್ಮಮ್ಮ ಚಿಂತಾಮಣಿಯ ಬೀದಿಯಲ್ಲಿ ಯಾರಾದರೂ ಮಗಳಿಗೆ ಏನು ಕೆಲಸ ಎಂದು ಕೇಳಿದರೆ, ತಪ್ಪು ಹುಡುಕೋ ಕೆಲಸ, ಇಷ್ಟು ದಿನ ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದಳು, ಈಗ ಅದಕ್ಕೆ ಸಂಬಳ ಕೊಡುತ್ತಾರಂತೆ ಎನ್ನುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಬಸ್ಸಿಗೆ ಓಡುತ್ತಿದ್ದೆ.

ಆ ಬಸ್ಸು ಕೂಡ ಈಗ ನೆನೆದರೆ ಪ್ರೀತಿ ಬರುತ್ತದೆ. ಆಗ ಬರುತ್ತಿದ್ದದ್ದು ಬೈಗುಳ. ಸೇವಂತಿಗೆ ಮೂಟೆ, ಟೊಮೆಟೊ ಕ್ರೇಟು, ಕಾಲೇಜಿನ ಮಕ್ಕಳ ಚೀಲ, ಇವುಗಳ ಸಂದಿಯಲ್ಲಿ ಒಂದು ಕಾಲು ಊರಲು ಜಾಗ ಸಿಕ್ಕಿದರೆ ಪುಣ್ಯ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರುಗಳು ಹತ್ತಿ, ಗೂಡು ಬೇಯಿಸಿದ ನೀರಿನ ವಾಸನೆಯನ್ನೂ ಜತೆಗೆ ಹತ್ತಿಸಿಕೊಳ್ಳುತ್ತಿದ್ದರು. ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ನನ್ನ ದುಪಟ್ಟಾ ಸೇವಂತಿಗೆಯ ಘಮ, ರೇಷ್ಮೆಯ ನಾತ ಎರಡನ್ನೂ ಹೀರಿಕೊಂಡಿರುತ್ತಿತ್ತು.

ಡೈರಿಯ ಕೆಲಸ ನೋಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹಾಲು ಹಾಕುವ ಪ್ರತಿ ಮನೆಗೂ ಒಂದು ನಂಬರು ಇರುತ್ತದೆ. ಹಾಲು ತಂದವರು ನಂಬರು ಹೇಳುತ್ತಾರೆ, ಸೆಕ್ರೆಟ್ರಿ ಅದನ್ನು ಒತ್ತುತ್ತಾನೆ. ಕ್ಯಾನಿನ ಹಾಲು ತಕ್ಕಡಿಯ ಮೇಲಿನ ಪಾತ್ರೆಗೆ ಬೀಳುತ್ತದೆ, ಅದರಲ್ಲೇ ಒಂಚೂರನ್ನು ಪುಟ್ಟ ಶೀಶೆಗೆ ತೆಗೆದು ಫ್ಯಾಟು, ಅಂದರೆ ಹಾಲಿನ ಜಿಡ್ಡು, ಅಳೆಯುವ ಪೆಟ್ಟಿಗೆಯ ಬಾಯಿಗಿಡುತ್ತಾರೆ. ಗೋಡೆಯ ಮೇಲಿನ ಬೋರ್ಡಿನಲ್ಲಿ ಕೆಂಪು ಅಕ್ಷರದಲ್ಲಿ ನಂಬರು, ತೂಕ, ಫ್ಯಾಟು ಬರುತ್ತವೆ, ಚೀಟಿಯೂ ಅದೇ ಸಾಲಿನಲ್ಲಿ ಅಚ್ಚಾಗುತ್ತಾ ಬರುತ್ತದೆ, ಫ್ಯಾಟು ಕೊನೆಗೆ. ತೂಕ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಗುತ್ತದೆ. ಫ್ಯಾಟಿನ ಪೆಟ್ಟಿಗೆ ಮಾತ್ರ ಹಾಲನ್ನು ಹೀರಿಕೊಂಡು, ಗುಯ್‌ಗುಟ್ಟಿ, ಯೋಚನೆ ಮಾಡಿ ಹೇಳುತ್ತದೆ.

ಒಂದಕ್ಕಾಗಿ ಇನ್ನೊಂದು ಕಾದು ಕೂತರೆ ಕ್ಯೂ ಬೀದಿಗೆ ಬರುತ್ತದಲ್ಲ, ಅದಕ್ಕೇ ನಮ್ಮ ಪ್ರೋಗ್ರಾಂನಲ್ಲಿ ಮೂರು ಭಾಗಗಳು ಒಂದೇ ಹೊತ್ತಿಗೆ ಓಡುತ್ತಿದ್ದವು. ಒಂದು ನಂಬರು, ತೂಕ ನೋಡಿಕೊಳ್ಳುವುದಕ್ಕೆ, ಒಂದು ಫ್ಯಾಟಿಗೆ, ಒಂದು ಬೋರ್ಡು ಮತ್ತು ಚೀಟಿಗೆ. ಹೀಗೆ ಒಟ್ಟೊಟ್ಟಿಗೆ ಓಡುವವಕ್ಕೆ ಥ್ರೆಡ್ ಎನ್ನುತ್ತಾರೆ. ಒಂದೇ ಸಾರಿನ ಪಾತ್ರೆಯ ಸುತ್ತ ಮೂವರು ಸೊಸೆಯರು ನಿಂತ ಹಾಗೆ ಅದು. ಹೊಂದಿಕೊಂಡು ಹೋದರೆ ಅಡುಗೆ ಬೇಗ. ಇಲ್ಲದಿದ್ದರೆ ಒಬ್ಬಳು ಹಾಕಿದ್ದಾಳೆಂದು ಇನ್ನೊಬ್ಬಳು ಬಿಟ್ಟು ಉಪ್ಪೇ ಇರುವುದಿಲ್ಲ, ಅಥವಾ ಮೂವರೂ ಹಾಕಿ ಬಾಯಿಗಿಡಲಾಗುವುದಿಲ್ಲ. ಅದೂ ದಿನಾ ಆಗುವುದಿಲ್ಲ. ಯಾವತ್ತೋ ಒಂದು ದಿನ, ನೆಂಟರು ಬಂದಾಗಲೇ ಆಗುತ್ತದೆ. ಅಂಥದ್ದನ್ನು ಹಿಡಿಯುವುದೇ ನನ್ನ ಹೊಟ್ಟೆಪಾಡು.

ದಿಬ್ಬೂರಹಳ್ಳಿಯಿಂದಾಚೆ ಇನ್ನೂ ಒಳಗಿನ ಒಂದು ಹಳ್ಳಿಯ ಡೈರಿಯಿಂದ ಒಂದು ಮಧ್ಯಾಹ್ನ ಫೋನು ಬಂತು. ಊರಲ್ಲಿ ಗಲಾಟೆಯಾಗಿದೆ, ಯಾರಾದರೂ ಬಂದು ಮೆಷಿನ್ನು ಸರಿಯಾಗಿದೆ ಎಂದು ನಾಕು ಜನರ ಮುಂದೆ ಹೇಳಿ ಹೋಗಬೇಕು ಎಂದ ಸೆಕ್ರೆಟ್ರಿ. ಯಜಮಾನರು ನನ್ನ ಕಡೆ ನೋಡಿದರು. ಪ್ರೋಗ್ರಾಂ ಬರೆದವನು, ಹೋಗಮ್ಮ, ಸರ್ಟಿಫಿಕೇಟ್ ಕೊಟ್ಟು ಬಾ ಎಂದು ನಕ್ಕ. ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿ, ದಿಬ್ಬೂರಹಳ್ಳಿಯಲ್ಲಿಳಿದು, ಸೆಕ್ರೆಟ್ರಿಯ ಬೈಕಿನ ಹಿಂದೆ ಕೂತು ಹೊರಟೆ. ದಾರಿಯುದ್ದಕ್ಕೂ ಎರಡೂ ಕಡೆ ಹಿಪ್ಪುನೇರಳೆ ತೋಟ. ಗಾಳಿಗೆ ಎದುರಾಗಿ ಕೂಗಿಕೊಂಡೇ ಅವನು ಕತೆ ಹೇಳಿದ.

ಆ ಊರಲ್ಲಿ ಒಬ್ಬಳು ಹೆಂಗಸು ತೀರಿಕೊಂಡಿದ್ದಳು. ಸಾವಾದ ಮನೆಯವರು ತಿಥಿ ಮುಗಿಯುವ ತನಕ ಡೈರಿಯ ಮೆಟ್ಟಿಲು ಹತ್ತುವುದಿಲ್ಲ, ಅದು ಅಲ್ಲಿಯ ರೂಢಿ. ಆದರೆ ಸೂತಕ ಮನೆಯವರಿಗೇ ಹೊರತು ಎಮ್ಮೆಗಲ್ಲವಲ್ಲ, ಅದು ಎರಡು ಹೊತ್ತೂ ಹಾಲು ಕೊಡುತ್ತದೆ. ಹಾಗಾಗಿ ಪಕ್ಕದ ಮನೆಯವರು ತಮ್ಮ ಕ್ಯಾನಿನ ಜತೆ ಆ ಮನೆಯ ಕ್ಯಾನನ್ನೂ ಹೊತ್ತು ತಂದು, ಆ ಮನೆಯ ನಂಬರಿಗೆ ಹಾಕಿ ಚೀಟಿ ಒಯ್ದು ಕೊಡಬೇಕು. ಬಾಣಂತಿ ಮನೆಗೂ ಹೀಗೆಯೇ, ಕಾಯಿಲೆಯಲ್ಲಿ ಮಲಗಿದವರ ಮನೆಗೂ ಹೀಗೆಯೇ. ಯಾರೂ ಯಾರನ್ನೂ ಕೇಳುವುದಿಲ್ಲ. ಪಕ್ಕದವರು ಬೆಳಗ್ಗೆ ಬಂದು ಕ್ಯಾನು ಎತ್ತಿಕೊಂಡು ಹೋಗುತ್ತಾರೆ, ಅಷ್ಟೆ.

ಈ ಸಲ ಹಾಗೆ ಹೊತ್ತವಳು ತೀರಿಕೊಂಡವಳ ಗೆಳತಿ, ಪಕ್ಕದ ಮನೆಯವಳು. ಇವಳದು ಸೀಮೆ ಹಸು, ಆ ಮನೆಯದು ಎಮ್ಮೆ. ಎಮ್ಮೆ ಹಾಲಿನ ಫ್ಯಾಟು ಹಸುವಿನದರ ಹತ್ತಿರ ಹತ್ತಿರ ಎರಡರಷ್ಟು, ದುಡ್ಡು ಸಿಗುವುದೂ ಫ್ಯಾಟಿನ ಲೆಕ್ಕದಲ್ಲೇ. ಮೂರನೆಯ ದಿನವೋ ನಾಲ್ಕನೆಯ ದಿನವೋ ಎಮ್ಮೆ ಮನೆಯ ಚೀಟಿಯಲ್ಲಿ ಹಸುವಿನ ಫ್ಯಾಟು ಬಂತು, ಇವಳ ಚೀಟಿಯಲ್ಲಿ ಎಮ್ಮೆಯದು. ಮರುದಿನ ಸರಿಯಾಗಿತ್ತು. ಅದರ ಮರುದಿನ ಮತ್ತೆ ಅದಲುಬದಲು. ಎಮ್ಮೆ ಹಾಲನ್ನು ತನ್ನ ನಂಬರಿಗೆ ಸುರಿದುಕೊಂಡು, ತನ್ನ ನೀರುಹಾಲನ್ನು ಸೂತಕದ ಮನೆಗೆ ಹಾಕಿದ್ದಾಳೆ ಎಂದು ಊರೆಲ್ಲ ಹಬ್ಬಿತು. ದಿನಾ ಮಾಡಿದರೆ ಸಿಕ್ಕಿಬೀಳುತ್ತಾಳಲ್ಲ, ಅದಕ್ಕೇ ಒಂದು ದಿನ ಬಿಟ್ಟು ಒಂದು ದಿನ ಮಾಡಿದ್ದಾಳೆ, ಘಾಟಿ ಹೆಂಗಸು ಎಂದರು.

ನಾವು ಹೋಗುವಾಗ ಸಂಜೆ ಹಾಲಿನ ಹೊತ್ತು. ಆಕೆ ಕ್ಯೂನಲ್ಲಿ ನಿಂತಿದ್ದಳು. ಅರ್ಧ ನರೆತ ತಲೆ, ಕೈಯಲ್ಲಿ ಒಂದೇ ಕ್ಯಾನು. ಆಕೆಯ ಹಿಂದೆಯೂ ಮುಂದೆಯೂ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಟ್ಟಿದ್ದರು. ಅದನ್ನು ನೋಡಿಯೇ ನನಗೆ ಮೈ ಉರಿಯಿತು. ಹಾಲು ಹಾಕಿ ಈಚೆ ಬಂದವಳನ್ನು ನಾನೇ ತಡೆದು, ಮೆಷಿನ್ನಿನವರು ನಾವು, ಏನಾಯಿತು ಹೇಳಿ ಎಂದೆ. ಆಕೆ ಮೆಷಿನ್ನಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಅವ್ಳೂ ನಾನೂ ಒಂದೇ ವರ್ಷ ಸೊಸೇರಾಗಿ ಈ ಊರಿಗೆ ಬಂದೋರು ಕಣಮ್ಮ. ಅವ್ಳು ಹೋದ ದಿನಾನೂ ಆ ಎಮ್ಮೆ ಕರ್ದಿದ್ದು ನಾನೇ. ಈಗ ತಿಥಿಗೆ ಬರ್ಬೇಡ ಅಂತ ಹೇಳ್ಕಳ್ಸಿದಾನೆ ಅವಳ ಮಗ. ನನ್ ಕೈತುತ್ತು ತಿಂದು ಬೆಳ್ದೋನು. ಕಳ್ಳಿ ಅಂದ್ರೂ ಅನ್ಲಿ. ಅವಳ ತಿಥಿಗೆ ನಾನು ಹೋಗ್ದೆ ಇರೋದು ಹೆಂಗಮ್ಮ?"

ತಿಥಿಗೆ ಇನ್ನು ಕೆಲವೇ ದಿನ ಉಳಿದಿತ್ತು. ಕರೆಯದ ಮನೆಗೆ ಹೋಗುವ ಹಾಗಿಲ್ಲ. ಹೋಗದೆ ಉಳಿದರೆ ಕದ್ದದ್ದು ನಿಜ ಎಂದು ಊರು ತೀರ್ಮಾನಿಸುತ್ತದೆ. ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ.

ಎರಡು ಕ್ಯಾನು ತರಿಸಿ, ಒಂದರಲ್ಲಿ ಹಸುವಿನ ಹಾಲು, ಇನ್ನೊಂದರಲ್ಲಿ ಎಮ್ಮೆ ಹಾಲು ಹಾಕಿಸಿ, ಹಾಕಿಸಿ, ನೋಡಿದ್ದೇ ನೋಡಿದ್ದು. ಪ್ರತಿ ಸಲವೂ ಸರಿ. ಪ್ರೋಗ್ರಾಂ ತನ್ನ ಒಂದೊಂದು ಹೆಜ್ಜೆಯನ್ನೂ ಪರದೆಯ ಮೇಲೆ ಬರೆಯುವಂತೆ ಮಾಡಿ ನೋಡಿದೆ. ಆಗಲೂ ಸರಿ. ಇದು ಈ ಕೆಲಸದಲ್ಲಿ ಮಾಮೂಲಿ ಪೀಡೆ. ಬರೆದು ತೋರಿಸು ಎಂದರೆ ಬರೆಯುವುದಕ್ಕೆ ಒಂದು ಚೂರು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಥ್ರೆಡ್‌ಗಳು ತಂತಮ್ಮ ಸರದಿಗೆ ನಿಂತುಬಿಡುತ್ತವೆ. ಮೇಷ್ಟ್ರು ನೋಡುತ್ತಿರುವಷ್ಟು ಹೊತ್ತು ಕೈಕಟ್ಟಿ ಕೂರುವ ಮಕ್ಕಳ ಹಾಗೆ. ಸುತ್ತ ನಿಂತವರು ನೋಡುತ್ತಲೇ ಇದ್ದರು. ಮೆಷಿನ್ನು ಸರಿಯಾಗೇ ಇದೆ ಎಂದು ಯಾರೋ ತೆಲುಗಿನಲ್ಲಿ ಅಂದರು, ಇನ್ಯಾರೋ ನಕ್ಕರು. ನನ್ನಿಂದಾಗಿ ಆಕೆಯ ಪಾಡು ಮೊದಲಿಗಿಂತ ಹೆಚ್ಚೇ ಕೆಟ್ಟಿತು. ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಮರುದಿನ ಆಫೀಸಿನಲ್ಲಿ ರಂಪವಾಯಿತು. ಎರಡೆರಡು ಸಲ ಅದಲುಬದಲಾಗಿದೆ, ನಿನ್ನ ಪ್ರೋಗ್ರಾಂನಲ್ಲೇ ಏನೋ ಇದೆ ಎಂದೆ. ತೋರಿಸು ಎಂದ. ತೋರಿಸಲು ಆಗಿದ್ದರೆ ನಿನ್ನ ಹತ್ತಿರ ಯಾಕೆ ಬಾಯಿ ನೋಯಿಸಿಕೊಳ್ಳುತ್ತಿದ್ದೆ ಎಂದೆ. ಅವನು, ಸಾವಿರ ಸಲ ಟೆಸ್ಟ್ ಮಾಡಿದವಳು ನೀನೇ, ಪಾಸ್ ಎಂದವಳೂ ನೀನೇ, ಈಗ ಯಾವಳೋ ಅತ್ತಳು ಎಂದು ನನ್ನ ತಲೆ ತಿನ್ನಲು ಬಂದೆಯಾ ಎಂದು ರೇಗಿದ. ಯಜಮಾನರು ಎದ್ದು ಕಿಟಕಿ ಮುಚ್ಚಿದರು, ಕೆಳಗಿನ ಅಂಗಡಿಯವರು ತಲೆಯೆತ್ತಿ ನೋಡುತ್ತಿದ್ದರಂತೆ. ಇಬ್ಬರೂ ಸಂಜೆ ತನಕ ಮುಖ ಊದಿಸಿಕೊಂಡು ಕೂತೆವು. ಇಂಥ ಜಗಳ ಆಡುವುದಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕು. ಈಗ ನಾನು ತಪ್ಪು ಹುಡುಕಿದರೆ ಅದನ್ನು ಪರದೆಯಲ್ಲಿ ನಮೂದಿಸುತ್ತೇನೆ, ಯಾವುದೋ ಊರಲ್ಲಿರುವ ಯಾರೋ ಅದನ್ನು ಸರಿಮಾಡಿ ಮುಗಿಸುತ್ತಾರೆ. ಅವರಿಗೆ ಮೂಗಿದೆಯೋ ಇಲ್ಲವೋ ನನಗೆ ತಿಳಿಯದು, ಅದರ ತುದಿಯಲ್ಲಿ ಕೋಪ ಇದೆಯೇ ಎಂಬುದಂತೂ ದೂರದ ಮಾತು.

ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ ಆ ಸೆಕ್ರೆಟ್ರಿಯ ಮುಖ ಕಣ್ಣಮುಂದೆ ಬಂತು. ನಾನು ಹೋದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಒಂದು ಚೀಟಿ ಪೂರ್ತಿ ಹೊರಗೆ ಬಂದ ಮೇಲೆ ಅದನ್ನು ನನಗೆ ತೋರಿಸಿ, ಮೇಜು ಒರೆಸಿ, ಆಮೇಲೆ ಮುಂದಿನ ನಂಬರು ಒತ್ತುತ್ತಿದ್ದ. ಅಯ್ಯೋ ಶಿವನೇ ಅಂದುಕೊಂಡೆ. ಆಫೀಸಿನಿಂದ ಮೇಡಂ ಬಂದಿದ್ದಾರೆಂದು ಮೆಷಿನ್ನಿಗಿಂತ ಮೊದಲು ಅವನೇ ಸಭ್ಯನಾಗಿಬಿಟ್ಟಿದ್ದ. ಯಾರಾದರೂ ಮನುಷ್ಯರು ದಿನಾ ಹಾಗೆ ಹಾಲು ಅಳೆಯುತ್ತಾರೆಯೇ? ನಮ್ಮ ಆಫೀಸಿನ ಟೆಸ್ಟೂ ಅಷ್ಟೆ, ಒಬ್ಬರಾದ ಮೇಲೆ ಒಬ್ಬರು, ನಡುವೆ ಅಳತೆ ಮಾಡಿ ಬಿಟ್ಟ ಹೊತ್ತು. ಅಂಥ ಸಾವಿರ ಸಭ್ಯ ಗಿರಾಕಿಗಳನ್ನು ನಿಲ್ಲಿಸಿ ಏನು ಪ್ರಯೋಜನ?

ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ದಾರಿಯಲ್ಲಿ ಸಿಕ್ಕ ಒಂದು ಡೈರಿಯ ಹತ್ತಿರ ಇಳಿದೆ. ಅಲ್ಲಿ ನನ್ನನ್ನು ಬಲ್ಲವರಿಲ್ಲ. ಅರ್ಧ ಲೀಟರ್ ಹಾಲು ಕೊಳ್ಳುವವಳ ಹಾಗೆ ಮೂಲೆಯಲ್ಲಿ ನಿಂತೆ. ಒಂದೊಂದು ಕ್ಯಾನಿನವರು ಬರುತ್ತಿದ್ದರು, ಹೋಗುತ್ತಿದ್ದರು, ನಡುವೆ ಮಾತು, ನಗೆ, ಕ್ಯಾನಿನ ಮುಚ್ಚಳ ತೆಗೆಯುವ ಹೊತ್ತು. ಆಮೇಲೆ ಒಬ್ಬ ಎರಡು ಕ್ಯಾನು ಹಿಡಿದು ಬಂದ. ಬರುತ್ತಲೇ ಎರಡೂ ನಂಬರು ಒಟ್ಟಿಗೆ ಹೇಳಿದ. ಅಲ್ಲಿಯ ಸೆಕ್ರೆಟ್ರಿ ಮೊದಲನೆಯ ಶೀಶೆ ಪೆಟ್ಟಿಗೆಯ ಬಾಯಲ್ಲಿರುವಾಗಲೇ ಎರಡನೆಯ ನಂಬರು ಒತ್ತಿ, ಹಾಲು ಸುರಿದು, ಮೊದಲನೆಯ ಶೀಶೆ ಕಿತ್ತ ಮರುಗಳಿಗೆಗೆ ಎರಡನೆಯದನ್ನು ತುರುಕಿದ. ಎರಡೂ ಚೀಟಿ ಹೋಗುವುದು ಒಬ್ಬನ ಕೈಗೇ ಅಲ್ಲವೇ, ಹಾಗಾಗಿ ಮೊದಲನೆಯದನ್ನು ಹರಿಯಲೂ ಇಲ್ಲ. ಅರ್ಧ ಹೊರಬಂದ ಅದನ್ನು ಎಡಗೈಯಲ್ಲಿ ಮೆಷಿನ್ನಿನ ಬಾಯಲ್ಲೇ ಅದುಮಿ ಹಿಡಿದುಕೊಂಡು ಮಾತಾಡುತ್ತಿದ್ದ. ಹಾಲು ಕೊಳ್ಳುವುದನ್ನು ಮರೆತು ಮನೆಗೆ ಓಡಿದೆ, ಅಮ್ಮನ ಹತ್ತಿರ ಬೈಸಿಕೊಂಡೆ.

ಮರುದಿನ ಬೆಳಗ್ಗೆ ನಮ್ಮ ಮಹಡಿ ಡೈರಿಯಾಯಿತು. ಯಜಮಾನರೇ ಹೋಗಿ ಒಂದು ಕ್ಯಾನು ಹಸುವಿನ ಹಾಲು, ಒಂದು ಕ್ಯಾನು ಎಮ್ಮೆ ಹಾಲು ತಂದರು. ತಕ್ಕಡಿ, ಫ್ಯಾಟಿನ ಪೆಟ್ಟಿಗೆ, ಚೀಟಿಯ ಮೆಷಿನ್ನು ಎಲ್ಲ ಸಾಲಾಗಿ ಇಟ್ಟೆವು. ಯಜಮಾನರು ಸೆಕ್ರೆಟ್ರಿ, ನಾನು ಎರಡು ಕ್ಯಾನಿನ ಹೆಂಗಸು. ಪ್ರೋಗ್ರಾಂ ಬರೆದವನು ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತ, ಈ ನಾಟಕ ನೋಡುವುದೊಂದು ಬಾಕಿಯಿತ್ತು ಎನ್ನುವ ಮುಖದಲ್ಲಿ. ಭೌತಶಾಸ್ತ್ರದ ಮೇಷ್ಟ್ರು ಮೊದಮೊದಲು ಒಂದು ತೊಟ್ಟೂ ಚೆಲ್ಲದೆ ಸುರಿಯುತ್ತಿದ್ದರು. ಸಾರ್, ಹಾಗಲ್ಲ, ಬಸ್ಸು ಹೊರಟಿದೆ, ನಾನು ಬಾಯಿ ಮಾಡುತ್ತಿದ್ದೇನೆ, ನಿಮಗೆ ತಲೆ ಕೆಟ್ಟಿದೆ ಎಂದು ನಾನು ಅವರನ್ನು ಗದರಿಸಿದೆ. ಎರಡೂ ನಂಬರು ಒಟ್ಟಿಗೆ ಕೂಗಿದೆ. ಅವರಿಗೂ ನಿಧಾನವಾಗಿ ಮೈಗೆ ಹತ್ತಿತು. ಚೀಟಿಯನ್ನು ಅದುಮಿ ಹಿಡಿದುಕೊಂಡೇ ಎರಡನೆಯ ಶೀಶೆ ತುರುಕಿ, ಇರಮ್ಮ, ನೀನೊಬ್ಬಳೇನಾ ಇರೋದು ಎಂದು ನನಗೇ ರೇಗಿದರು. ನೆಲವೆಲ್ಲ ಹಾಲು.

ಬೋರ್ಡಿನಲ್ಲಿ ಹಸುವಿನ ನಂಬರಿನ ಪಕ್ಕ ಎಮ್ಮೆಯ ಫ್ಯಾಟು ಬಂತು.

ಇನ್ನೊಮ್ಮೆ ಮಾಡಿದೆವು, ಸರಿಯಾಗಿ ಬಂತು. ಮತ್ತೆ ಮಾಡಿದೆವು, ಅದಲುಬದಲಾಯಿತು. ಗೋಡೆಗೆ ಒರಗಿದ್ದವನು ಬಂದು ಕುರ್ಚಿಯಲ್ಲಿ ಕೂತು ತಾನು ಬರೆದದ್ದನ್ನು ತೆರೆದ. ಬಹಳ ಹೊತ್ತು ನೋಡಿ, ತಪ್ಪು ನಂದೇ ಕಣೇ ಎಂದ. ಅರ್ಧ ಅಚ್ಚಾದ ಚೀಟಿಯನ್ನು ಅದುಮಿ ಹಿಡಿದು ಚೀಟಿಯ ಭಾಗ ಸಿಕ್ಕಿಕೊಂಡಿರುವಾಗ ಎರಡು ನಂಬರುಗಳೂ ಫ್ಯಾಟಿಗಾಗಿ ಕಾಯುತ್ತಾ ಉಳಿಯುತ್ತಿದ್ದವು. ಮೊದಲ ಫ್ಯಾಟು ಬಂದಾಗ ಅದು ಮೊದಲು ಬಂದ ನಂಬರನ್ನು ಹುಡುಕುವ ಬದಲು ಕೊನೆಗೆ ಬಂದದ್ದಕ್ಕೆ ಅಂಟಿಕೊಳ್ಳುತ್ತಿತ್ತು. ಎರಡನೆಯ ಫ್ಯಾಟು ಉಳಿದ ನಂಬರಿಗೆ ಹೋಗುತ್ತಿತ್ತು. ಚೀಟಿ ಸಲೀಸಾಗಿ ಹೊರಬಂದರೆ ಎಲ್ಲ ಸರಿ. ಎಲ್ಲರ ಮನೆಯಲ್ಲೂ ಸೀಮೆ ಹಸುವೇ ಇದ್ದ ಕಡೆ ಹೀಗೆ ಎಷ್ಟು ಸಲ ಅದಲುಬದಲಾಗಿತ್ತೋ, ಯಾರಿಗೂ ಗೊತ್ತಾಗುವ ಹಾಗೇ ಇರಲಿಲ್ಲ. ನನಗೆ ಗೆದ್ದೆ ಎಂದು ಕುಣಿಯಬೇಕು ಅನ್ನಿಸಿತು, ಅಳುವೂ ಬಂತು. ಮಿಕ್ಕ ಹಾಲನ್ನೆಲ್ಲ ಕಾಯಿಸಿ ಕೆಳಗಿನ ಅಂಗಡಿಯವರಿಗೂ ಹಮಾಲಿಗಳಿಗೂ ಕಾಫಿ ಮಾಡಿಕೊಟ್ಟೆವು.

ಸರಿಮಾಡುವುದು ಅವನಿಗೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಆದರೆ ಸುಮ್ಮನೆ ಸರಿಮಾಡಿ ಹಾಕಿ ಬಂದರೆ ಆಕೆಯ ಮೇಲಿನ ಮಾತು ಹಾಗೇ ಉಳಿಯುತ್ತದೆ. ಮೊದಲು ಊರವರ ಮುಂದೆ ತಪ್ಪನ್ನು ಮಾಡಿಯೇ ತೋರಿಸಬೇಕು, ಆಮೇಲೆ ಸರಿಮಾಡಬೇಕು ಎಂದೆ. ಯಜಮಾನರು ನಮ್ಮ ಡೈರಿಗಳ ಪಟ್ಟಿಯನ್ನು ಕೈಗೆತ್ತಿಕೊಂಡರು. ಒಂದು ಡೈರಿಯಲ್ಲಿ ನಮ್ಮ ಮಾನ ಹೋದರೆ ಸುತ್ತಲಿನ ಡೈರಿಯವರೆಲ್ಲ ಪೆಟ್ಟಿಗೆ ಕಟ್ಟಿ ವಾಪಸು ಕಳಿಸುತ್ತಾರೆ, ಮೂವರೂ ಮನೆಗೆ ಹೋಗಬೇಕಾಗುತ್ತದೆ. ನಾಡಿದ್ದು ಆಕೆಯ ಗೆಳತಿಯ ತಿಥಿ ಸಾರ್ ಎಂದೆ. ಅವರು ತಲೆ ಕೆರೆದುಕೊಂಡು, ಹೋಗಿ ಬನ್ನಿ, ಇಬ್ಬರೂ ಹೋಗಿ ಎಂದರು. ಆ ಮನುಷ್ಯನ ಮೇಲೆ ನನಗೆ ಈಗಲೂ ಗೌರವ ಇರುವುದು ಆ ಒಂದು ಮಾತಿಗಾಗಿ.

ಅಂದು ಸಂಜೆ ಡೈರಿಯ ಮುಂದೆ ಜನ ಸೇರಿದ್ದರು. ಪ್ರೋಗ್ರಾಂ ಬರೆದವನೇ ನಿಂತು, ತಪ್ಪು ನಮ್ಮ ಪ್ರೋಗ್ರಾಂನದು, ತೋರಿಸುತ್ತೇವೆ ಎಂದು ಹೇಳಿದ. ಆಕೆಯನ್ನೇ ಕರೆಸಿ, ಒಂದು ಕೈಗೆ ತನ್ನ ಹಸುವಿನ ಕ್ಯಾನು, ಇನ್ನೊಂದು ಕೈಗೆ ಆ ಮನೆಯ ಎಮ್ಮೆಯ ಕ್ಯಾನು ಕೊಟ್ಟೆವು. ತೀರಿಕೊಂಡವಳ ಮಗ ಸೂತಕದವನಾದ್ದರಿಂದ ಒಳಗೆ ಬರುವಂತಿಲ್ಲ. ರಸ್ತೆಯಾಚೆ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ.

ಸ್ವಲ್ಪ ಸ್ವಲ್ಪವೇ ಹಾಲು ಸುರಿಸಿ ನೋಡಿದೆವು, ಮೊದಲ ಸಲ ಸರಿಯಾಗಿ ಬಂತು. ಎರಡನೆಯ ಸಲವೂ ಸರಿಯಾಗಿ ಬಂತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕೆ ತಲೆ ತಗ್ಗಿಸಿದ್ದಳು. ಸೆಕ್ರೆಟ್ರಿ ಮತ್ತೆ ಇಸ್ತ್ರಿ ಅಂಗಿಯಲ್ಲಿ ಬಂದಿದ್ದ, ಮತ್ತೆ ಒಂದೊಂದು ಚೀಟಿಯನ್ನೂ ಮಂಗಳಾರತಿ ತಟ್ಟೆಯ ಹಾಗೆ ಹಿಡಿದು ನನಗೆ ತೋರಿಸುತ್ತಿದ್ದ. ನೀವು ದಿನಾ ಹೇಗೆ ಮಾಡುತ್ತೀರೋ ಹಾಗೆ ಮಾಡಿ ಎಂದೆ. ಹೀಗೇ ಮಾಡೋದು ಮೇಡಂ ಎಂದ. ಪಾಪ, ಅವನು ಸುಳ್ಳು ಹೇಳುತ್ತಿರಲಿಲ್ಲ; ನಾನು ಎದುರಿಗಿದ್ದರೆ ಅವನ ಕೈಗೇ ಆತುರ ಬರುತ್ತಿರಲಿಲ್ಲ. ಆಗ ನನಗೆ ಹೊಳೆಯಿತು. ಪ್ರೋಗ್ರಾಂ ಬರೆದವನನ್ನೂ ಕರೆದುಕೊಂಡು ಹೊರಗೆ ಬಂದು, ಕ್ಯೂನಲ್ಲಿ ಕಾಯುತ್ತಿದ್ದವರಿಗೆಲ್ಲ, ನಮ್ಮ ಕೆಲಸ ಮುಗಿಯಿತು, ನೀವು ಹಾಲು ಹಾಕಿ, ಆಕೆಯದೂ ನಡುವೆ ಹಾಕಿಸಿ ಎಂದೆ. ಎರಡು ಕ್ಯಾನಿನೊಂದಿಗೆ ಆಕೆ ಕ್ಯೂನಲ್ಲಿ ನಿಂತಳು. ನಾನು ರಸ್ತೆ ದಾಟಿ ಆ ಮಗನ ಪಕ್ಕ ಹೋಗಿ ಡೈರಿಗೆ ಬೆನ್ನು ಮಾಡಿ ನಿಂತೆ. ಗೋಡೆಯ ಬೋರ್ಡು ಇಲ್ಲಿಗೆ ಕಾಣುತ್ತದೆ, ನೀವೇ ನೋಡುತ್ತಿರಿ, ನಾನು ನೋಡಬಾರದು ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ ಬೋರ್ಡಿನ ಕಡೆ ತಿರುಗಿದ.

ಕ್ಯೂ ಬೆಳೆಯಿತು. ಹಾಲಿನ ಲಾರಿ ಬರುವ ಹೊತ್ತಾಯಿತೆಂದು ಯಾರೋ ಕೂಗಿದರು. ಬೇಗ ಬೇಗ ಎಂದು ಸೆಕ್ರೆಟ್ರಿ ಗದರುವುದು, ಕ್ಯಾನುಗಳ ಸದ್ದು, ತೆಲುಗು ಕನ್ನಡ ಕಲೆಸಿದ ಬೈಗುಳ, ಎಲ್ಲ ನನ್ನ ಬೆನ್ನಿಗೆ ಕೇಳಿಸುತ್ತಿತ್ತು. ನನ್ನೆದುರಿಗೆ ಹಿಪ್ಪುನೇರಳೆ ತೋಟ, ಒಬ್ಬಳು ಸೊಪ್ಪು ಕುಯ್ಯುತ್ತಿದ್ದಳು. ಆಕೆ ಎರಡು ನಂಬರು ಒಟ್ಟಿಗೆ ಹೇಳಿದ್ದು ಕೇಳಿಸಿತು. ಪೆಟ್ಟಿಗೆ ಎರಡು ಸಲ ಗುಯ್‌ಗುಟ್ಟಿತು. ಪಕ್ಕದಲ್ಲಿದ್ದವನು ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ತಿರುಗಿದೆ. ಆಕೆಯ ನಂಬರಿನ ಪಕ್ಕ ಎಮ್ಮೆಯ ಫ್ಯಾಟು ಕೆಂಪಗೆ ಉರಿಯುತ್ತಿತ್ತು. ಯಾವ ಕ್ಯಾನು ಯಾರ ನಂಬರಿಗೆ ಬಿತ್ತು ಎಂಬುದನ್ನು ಇಡೀ ಊರೇ ನಿಂತು ನೋಡಿತ್ತು.

ಅವನು ರಸ್ತೆ ದಾಟಿ ಡೈರಿಯ ಮೆಟ್ಟಿಲ ಕೆಳಗೆ ನಿಂತ. ಆಕೆ ಖಾಲಿ ಕ್ಯಾನುಗಳನ್ನು ಹಿಡಿದು ಇಳಿದು ಬಂದಳು.

"ಚಿಕ್ಕಮ್ಮಾ, ನಾಡಿದ್ದು ಬಾ," ಎಂದ.

"ಬರ್ತೀನಪ್ಪ," ಎಂದಳು. "ವಡೆ ನಾನೇ ತಟ್ತೀನಿ. ನಿಮ್ಮಮ್ಮಂಗೆ ಬೇರೆಯೋರ್ದು ಸೇರಲ್ಲ."

ಅವನ ಮನೆಯ ಕ್ಯಾನನ್ನು ಅವನ ಕೈಗೆ ಕೊಟ್ಟು ತನ್ನ ಕ್ಯಾನು ತೆಗೆದುಕೊಂಡು ಹೋದಳು. ನಾವಿಬ್ಬರೂ ಹೊಸ ಪ್ರೋಗ್ರಾಂ ಹಾಕಿ, ಎರಡು ಕ್ಯಾನು, ಮೂರು ಕ್ಯಾನು, ಚೀಟಿ ಅದುಮಿ ಹಿಡಿದು, ಹಿಡಿಯದೆ, ಎಲ್ಲ ಬಗೆಯಲ್ಲೂ ಹಿಂಸೆ ಕೊಟ್ಟು ನೋಡಿದೆವು. ಹೊಸತರಲ್ಲಿ ಪ್ರೋಗ್ರಾಂ ಬರೆದವನು ನಂಬರಿಗೂ ಶೀಶೆಗೂ ಮೊದಲೇ ಗಂಟು ಹಾಕಿಬಿಟ್ಟಿದ್ದ, ಏನು ಮಾಡಿದರೂ ಅಲುಗಲಿಲ್ಲ. ಕೊನೆಯ ಬಸ್ಸಿನಲ್ಲಿ ಬರುವಾಗ ಶಿಡ್ಲಘಟ್ಟದಲ್ಲಿ ಅವನು ಕಡಲೆಕಾಯಿ ಪೊಟ್ಟಣ ಕೊಂಡು ಅರ್ಧ ನನಗೆ ಕೊಟ್ಟ. ಒಂದು ಡೈರಿಯೂ ನಮ್ಮ ಪೆಟ್ಟಿಗೆ ವಾಪಸು ಕಳಿಸಲಿಲ್ಲ. ಎಲ್ಲ ಕಡೆ ಹೋಗಿ ಹೊಸತನ್ನು ಹಾಕಿ ಬಂದೆವು. ಅಷ್ಟು ಖುಷಿಯ ತಿಂಗಳುಗಳು ನನ್ನ ಕೆಲಸದಲ್ಲಿ ಮತ್ತೆ ಬರಲಿಲ್ಲ.

ಮಾರನೆಯ ವರ್ಷ, ಕಂಪನಿ ಬಿಡುವ ಮುಂಚೆ, ಆ ಊರಿಗೆ ಇನ್ನೊಂದು ಸಲ ಹೋಗಿದ್ದೆ. ಬೋರ್ಡು ಬದಲಾಯಿಸುವ ಸಣ್ಣ ಕೆಲಸ. ಆಕೆ ಕ್ಯೂನಲ್ಲಿದ್ದಳು. ಈ ಸಲ ಜನ ಒತ್ತೊತ್ತಾಗಿ ನಿಂತು ಆಕೆಯ ಜತೆ ಹರಟುತ್ತಿದ್ದರು. ನೋಡಿ ನನಗೆ ಹಿಗ್ಗಾಯಿತು. ತಿಥಿಗೆ ಹೋಗಿದ್ದಳಂತೆ, ವಡೆಯನ್ನೂ ತಟ್ಟಿದಳಂತೆ. ಆಕೆಯ ಹಿಂದೆಯೇ ಒಬ್ಬ ಮುದುಕ ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಕ್ಯಾನು ಹಿಡಿದು, ಹೆಜ್ಜೆಹೆಜ್ಜೆಗೂ ಹಾಲು ತುಳುಕಿಸುತ್ತಾ ಬಂದ. ಅವನ ಸೊಸೆ ಬಾಣಂತಿ, ಮಗ ಮಾರಲು ರೇಷ್ಮೆ ಗೂಡು ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೋಗಿದ್ದಾನೆ ಎಂದು ಆಕೆಯೇ ಹೇಳಿದಳು. ಅವರ ಮನೆ ಆಕೆಯ ಮನೆಯ ಈಚೆ ಮಗ್ಗುಲಿಗೇ. ನನಗೆ ತಡೆಯಲಾಗಲಿಲ್ಲ. ಎರಡು ಕ್ಯಾನು ಒಟ್ಟಿಗೆ ತಂದರೂ ಈಗ ಏನೂ ಆಗುವುದಿಲ್ಲಮ್ಮ, ನಾನೇ ಪರೀಕ್ಷೆ ಮಾಡಿದ್ದೇನೆ, ಧೈರ್ಯವಾಗಿ ತನ್ನಿ ಎಂದೆ.

"ನಿನ್ ಮೆಷಿನ್ನು ಸರಿಯಾಗಿದೆ ಕಣಮ್ಮ, ಅದು ನಂಗೂ ಗೊತ್ತು," ಎಂದಳು. "ಬೇರೆಯೋರ ಕ್ಯಾನು ಮುಟ್ಟೋಕೆ ನನ್ ಕೈಯೇ ಬರಲ್ಲ."

ಆಮೇಲೆ ತಿರುಗಿ ಆ ಮುದುಕನಿಗೆ ತನ್ನ ಸರದಿ ಬಿಟ್ಟುಕೊಟ್ಟಳು. ಅವನು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈಯಲ್ಲಿ ಕ್ಯಾನು ಎತ್ತಿ, ನಡುಗುತ್ತಾ ಹಾಲು ಸುರಿದ. ಕ್ಯೂನಲ್ಲಿ ಅಷ್ಟು ಜನರಿದ್ದರು, ಎಲ್ಲರ ಕೈಯಲ್ಲೂ ಒಂದೊಂದೇ ಕ್ಯಾನಿತ್ತು.